ಹಳ್ಳದಿಂದ ಹೊರಟ ಕುದುರೆಗಳು

ಗುರುವಾರ, ಮಧ್ಯಾಹ್ನ ಮೂರು

ಪ್ರೀತಿಯ ದಳವಾಯಿಗೆ ನಿನ್ನ ಭಾವ ಮಾಡುವ ಆಶೀರ್ವಾದ.

ದಂತ ಮುರಿದದ್ದು ಒಂದು ಆನೆಯದಲ್ಲ, ಮೂರರದು. ನಿನ್ನೆ ಫೋನಿನಲ್ಲಿ ಒಂದು ಎಂದಿದ್ದೆ. ಆಮೇಲೆ ಡಬ್ಬಿಯ ತಳದವರೆಗೆ ಹತ್ತಿ ಬಿಡಿಸಿ ನೋಡಿದರೆ ಹಿಂದಿನ ಸಾಲಿನ ಇನ್ನೆರಡು ಬೊಂಬೆ ಆನೆಗಳೂ ಬೋಳಾಗಿ ನಿಂತಿದ್ದವು. ನಿನ್ನ ಲ್ಯಾಬಿನಲ್ಲಿ ಕಟ್ಟುಹಲ್ಲಿಗೆಂದು ಕಲಸಿ ಉಳಿದದ್ದನ್ನು ತಂದು ಹದಿನಾಲ್ಕು ಆನೆಗೂ ದಂತ ಮಾಡಿಕೊಟ್ಟವನು ನೀನೇ ಅಲ್ಲವೇ? ಯಾರೋ ಮುದುಕರ ಬಾಯಿಗೆ ಹೋಗಬೇಕಾದ ಹಲ್ಲು ನಮ್ಮನೆ ಆನೆಗೆ ಬಂತು ಎಂದು ನಿನ್ನಕ್ಕ ಅಡುಗೆಮನೆಯಿಂದಲೇ ನಗುತ್ತಿದ್ದಳು. ಎದುರಾಳಿಯ ಆನೆಗೆ ದಂತ ಕಟ್ಟಿಕೊಡುವ ದಂಡನಾಯಕ ಚರಿತ್ರೆಯಲ್ಲಿ ಇನ್ನೊಬ್ಬನಿರಲಾರ. ನಿನಗೆ ದಳವಾಯಿ ಎಂದು ಹೆಸರಿಟ್ಟವಳೂ ಅವಳೇ. ಐದನೇ ವಯಸ್ಸಿನಲ್ಲಿ ಬೆಂಕಿಪೊಟ್ಟಣದ ಕಡ್ಡಿಗಳನ್ನೆಲ್ಲ ಸಾಲಾಗಿ ನಿಲ್ಲಿಸಲು ಹೋಗಿ ಪೆಟ್ಟು ತಿಂದೆಯಂತೆ, ಅಂದಿನಿಂದ.

ಈಗ ಕಿಟಕಿಯ ಪಕ್ಕಕ್ಕೆ ಮೇಜು ಎಳೆದುಕೊಂಡು ಕೂತಿದ್ದೇನೆ. ದೀಪದ ಬೆಳಕಿನಲ್ಲಿ ನಾನು ಬಣ್ಣ ಹಚ್ಚುವುದಿಲ್ಲವೆಂದು ನಿನಗೆ ಗೊತ್ತು. ಹಚ್ಚಿದರೆ ಬೆಳಿಗ್ಗೆ ನೋಡುವಾಗ ಪಡೆಗೆ ಪಡೆಯೇ ಕಾಮಾಲೆಯಾದವರಂತೆ ಕಾಣುತ್ತದೆ. ಇವತ್ತು ಕೂತದ್ದೂ ಬಣ್ಣಕ್ಕೇ. ಮೂರು ಕೂದಲಿನ ಕುಂಚ ತೊಳೆದಿಟ್ಟುಕೊಂಡೆ, ಬಿಲ್ಲುಗಾರರ ಕಣ್ಣಿಗೆ ಮೊದಲು ಬಿಳಿ ಗೆರೆ ಎಳೆದು, ಅದರ ಮೇಲೆ ಕಪ್ಪು ಚುಕ್ಕೆ ಇಡಬೇಕು. ಎರಡನೆಯವನಿಗೇ ಚುಕ್ಕೆ ಜಾರಿ ವಾರೆಗಣ್ಣಾಯಿತು. ಅವನು ನನ್ನನ್ನೂ ಬಾಗಿಲನ್ನೂ ಒಟ್ಟಿಗೇ ನೋಡುತ್ತಾ ನಿಂತ. ಕುಂಚ ಇಟ್ಟು ಕಾಗದ ತೆಗೆದುಕೊಂಡೆ.

ನಿನ್ನೆ ನೀನು ಭಾನುವಾರದ ಮಾತು ತೆಗೆದಾಗ ಲೈನ್ ಸರಿಯಿಲ್ಲ, ಕೇಳಿಸುತ್ತಿಲ್ಲ ಎಂದು ಫೋನಿಟ್ಟೆನಲ್ಲ, ಲೈನ್ ಸರಿಯಾಗಿಯೇ ಇತ್ತು. ನೀನು ಅಂದದ್ದೆಲ್ಲ ಕೇಳಿಸಿತು. "ಭಾವ, ಅಕ್ಕನ ಹೆಸರಲ್ಲಿ ಕಪ್ ಮಾಡಿದೀನಿ. ನಾನೇ ಎರಕ ಹುಯ್ದೆ. ವರ್ಷದಲ್ಲಿ ಅತಿ ನೇರವಾಗಿ ತೀರ್ಪು ಕೊಟ್ಟವರಿಗೆ. ನೀವೇ ಕೊಡ್ಬೇಕು, ಎರಡು ಮಾತೂ ಆಡ್ಬೇಕು. ಅಕ್ಕನ ನೇರ ನಿಮಗಿಂತ ಹೆಚ್ಚು ಯಾರು ಬಲ್ರು?" ಇಷ್ಟೂ ಕೇಳಿಸಿತು. ನೀನು ಇನ್ನೂ ಒಂದು ಹೇಳಿದೆ: ಆ ದಿನ ಅರ್ಧಕ್ಕೆ ನಿಂತ ಯುದ್ಧವನ್ನೇ ಭಾನುವಾರ ಮತ್ತೆ ಹೂಡೋಣ, ನೀವು ಕಾರ್ತೇಜು ನಾನು ರೋಮು, ನನ್ನ ತಪ್ಪಿಗೆ ಅದೇ ಪ್ರಾಯಶ್ಚಿತ್ತ ಎಂದು.

ನಿನ್ನ ತಪ್ಪು! ಆ ಮಾತಿಗೇ ನಾನು ಫೋನಿಟ್ಟದ್ದು.

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ, ಬೇಸರಿಸಬೇಡ. ಸಾಕ್ಷಿ ಹೇಳುವವನು ನಡುವಿನಿಂದ ಶುರು ಮಾಡಬಾರದಂತೆ. ನಕ್ಷೆ ಕಚೇರಿಯಲ್ಲಿ ಮೂವತ್ತಾರು ವರ್ಷ ಬೇರೆಯವರ ಹೊಲದ ಗಡಿ ಎಳೆದವನಿಗೆ ಇಷ್ಟಾದರೂ ಗೊತ್ತಿರಬೇಕು.

ನಿನ್ನಕ್ಕ ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರು. ಅಂಗಡಿಯವರು ಅವಳನ್ನು ಬೀದಿಯ ತುದಿಯಲ್ಲಿ ಕಂಡರೆ ತಕ್ಕಡಿಗೆ ಕೈಮುಗಿಯುತ್ತಿದ್ದರು. ಬೊಂಬೆ ಸೈನಿಕರ ಯುದ್ಧ ಆಡುವ ನಮ್ಮ ಭಾನುವಾರದ ಕೂಟಕ್ಕೆ ತೀರ್ಪುಗಾರ್ತಿಯಾದ ಮೊದಲ ದಿನವೇ ಕಚೇರಿಯ ಉಕ್ಕಿನ ಅಳತೆಪಟ್ಟಿ ತಂದು, ನನ್ನ ಆನೆಗಳ ದಾಳಿ ಅರ್ಧ ಬೆರಳು ಸಾಲದು ಎಂದು ಹಿಂದಕ್ಕೆ ಕಳಿಸಿದಳು. ಗಂಡ ಎಂಬ ಮುಲಾಜು ಬೇಡವೇ ಎಂದು ಕೂಟದ ಔಷಧಿ ಅಂಗಡಿಯವರು ಕೇಳಿದರೆ, "ಗಂಡನಿಗೆ ಮನೇಲಿ ಊಟ ಇದೆ, ಇಲ್ಲಿ ಅಳತೆ ಮಾತ್ರ" ಅಂದಳು. ಅಂದಿನಿಂದ ಅವಳಿಗೆ 'ಅರ್ಧ ಬೆರಳು' ಎಂದೇ ಹೆಸರು. ಅವಳಿಗೂ ಅದು ಇಷ್ಟವಿತ್ತು, ತೋರಿಸಿಕೊಳ್ಳುತ್ತಿರಲಿಲ್ಲ ಅಷ್ಟೆ.

ಇನ್ನು ಆ ಭಾನುವಾರ. ಆರು ವರ್ಷವಾಯಿತು. ಗ್ರಂಥಾಲಯದ ಮಹಡಿಯ ಹಾಲು, ಮೂರು ಪಿಂಗ್‌ಪಾಂಗ್ ಮೇಜು ಜೋಡಿಸಿದ ರಣರಂಗ. ನಿನ್ನವು ಸಾವಿರದ ನೂರ ನಲವತ್ತು ರೋಮನ್ನರು, ನನ್ನವು ಎಂಟುನೂರ ಅರವತ್ತು. ಎಡಕ್ಕೆ ರಟ್ಟು ಸುಣ್ಣದ ಗುಡ್ಡ, ನಡುವೆ ತಂತಿ ಮರಗಳ ತೋಪು, ಬಲಕ್ಕೆ ವಾರ್ನಿಷು ಸುರಿದು ಮಾಡಿದ ಹಳ್ಳ. ಹಳ್ಳದ ದಂಡೆಗೆ ಕುಡಿದು ಉಳಿದ ಚಹಾದ ಚರಟವನ್ನು ಒಂದು ತಿಂಗಳು ಒಣಗಿಸಿ ಅಂಟಿಸಿದ್ದೆವು, ಹಾಲಿಗೆಲ್ಲ ಚಹಾದ ವಾಸನೆ.

ಕಾಣುವ ಪಡೆಯಲ್ಲದೆ ಒಂದು ಕುದುರೆ ತುಕಡಿಯನ್ನು ಬಚ್ಚಿಡುವ ಹಕ್ಕು ನನಗಿತ್ತು. ಎಲ್ಲಿ ಬಚ್ಚಿಟ್ಟಿದ್ದೇನೆಂದು ಆಟಕ್ಕೆ ಮೊದಲೇ ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ತೀರ್ಪುಗಾರ್ತಿಗೆ ಕೊಡಬೇಕು. ಹೊರಗೆ ತರುವಾಗ ಅವಳೇ ಒಡೆದು ಓದಬೇಕು. ಚೀಟಿಯಲ್ಲಿರುವ ಜಾಗದಿಂದಲೇ ಹೊರಡಬೇಕು, ಬೇರೆ ಕಡೆಯಿಂದ ಹೊರಟರೆ ಆ ತುಕಡಿ ಸತ್ತಂತೆ ಲೆಕ್ಕ. ಕೂಟದ ನಿಯಮಗಳಲ್ಲಿ ಇದೊಂದಕ್ಕೆ ಮಾತ್ರ ಸಾಕ್ಷಿಯಿಲ್ಲ. ಲಕೋಟೆ ಮತ್ತು ಅದನ್ನು ಓದುವವರ ಬಾಯಿ, ಅಷ್ಟೇ. ಅವಳ ಬಾಯಿ ಎಂದ ಮೇಲೆ ಯಾರೂ ಚೀಟಿ ತೋರಿಸು ಎಂದು ಕೇಳಿರಲಿಲ್ಲ, ಅಂದಿನವರೆಗೆ.

ಮಧ್ಯಾಹ್ನದ ಹೊತ್ತಿಗೆ ನನ್ನ ನಡುಸಾಲು ಕುಸಿಯುತ್ತಿತ್ತು. ನೀನು ನಿನ್ನ ಮೂರನೇ ಸಾಲನ್ನು ಗುಡ್ಡದ ಕಡೆಗೆ ತಿರುಗಿಸಿದೆ. ತಿರುಗಿಸುತ್ತಾ, "ಭಾವ, ಗುಡ್ಡದ ಹಿಂದೆ ನಿಮ್ಮ ಕುದುರೆಗಳು ಸೀನ್ತಿರೋದು ಇಲ್ಲಿಗೇ ಕೇಳಿಸ್ತಿದೆ" ಅಂದೆ. ಔಷಧಿ ಅಂಗಡಿಯವರು, "ಶೀತದ ಮಾತ್ರೆ ಬೇಕಾದ್ರೆ ನನ್ಹತ್ರ ಇದೆ" ಅಂದರು. ಹಾಲಿಗೆ ಹಾಲೇ ನಕ್ಕಿತು. ಒಟ್ಟು ಹನ್ನೊಂದು ಯುದ್ಧ ನಿನಗೆ ಸೋತಿದ್ದೆ, ಒಂದರ ಹಿಂದೆ ಒಂದು. ಹಿಂದಿನ ಸಲ ನೀನು, "ನಿಮ್ಮ ಆನೆಗಳು ಯುದ್ಧಕ್ಕೆ ಬಂದಿವೆಯೋ, ಬಣ್ಣ ಒಣಗ್ಸೋಕ್ ಬಂದಿವೆಯೋ?" ಎಂದಿದ್ದೆ. ಅದೇ ತಿಂಗಳು ಕಚೇರಿಯಿಂದ ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದ್ದರು. ಇವೆಲ್ಲ ಕಾರಣವಲ್ಲ, ಗೊತ್ತು. ಆದರೂ ಬರೆದೆ.

ಹಳ್ಳದ ಕಡೆ ನಿನ್ನವರು ಒಬ್ಬರೂ ಇರಲಿಲ್ಲ. ಆ ಕ್ಷಣದಲ್ಲಿ ನನ್ನ ಬಾಯಿ ಜಾರಿತು, ಮೊಮೆಂಟರಿ ವೀಕ್‌ನೆಸ್ ಅಂತಾರಲ್ಲ, ಹಾಗೆ. "ಕುದುರೆಗಳು ಹಳ್ಳದಿಂದ ಹೊರಟವು" ಅಂದುಬಿಟ್ಟೆ.

ಅವಳು ಲಕೋಟೆ ಒಡೆದಳು. ಕನ್ನಡಕ ಹಾಕಿಕೊಂಡಳು. ಒಂದು ಪದ ಓದಲು ಬೇಕಾದುದಕ್ಕಿಂತ ಹೆಚ್ಚು ಹೊತ್ತು ಆ ಚೀಟಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಅಳತೆಪಟ್ಟಿಯ ಅಂಕಿಗಳನ್ನು ಓದುತ್ತಿದ್ದೆ. ಕೊನೆಗೆ, "ಹಳ್ಳ" ಅಂದಳು.

ಚೀಟಿಯಲ್ಲಿ ಗುಡ್ಡ ಎಂದಿತ್ತು, ದಳವಾಯಿ. ನಿನ್ನ ಊಹೆ ಸರಿಯಾಗಿತ್ತು.

ನಿನಗೆ ಹೇಗೆ ಗೊತ್ತಾಯಿತೆಂದು ಆಮೇಲೆ ಅವಳೇ ಹೇಳಿದಳು. ಚಿಕ್ಕಂದಿನಿಂದ ಸುಳ್ಳು ಹೇಳುವಾಗ ಅವಳ ಎಡಗೈ ಹೆಬ್ಬೆರಳು ಮುಷ್ಟಿಯೊಳಗೆ ಹೋಗುತ್ತದಂತೆ, ಅದು ನಿನಗೊಬ್ಬನಿಗೇ ಗೊತ್ತಂತೆ. ನೀನು ಮುಖ ನೋಡಲಿಲ್ಲ, ಕೈ ನೋಡಿದೆ. "ಅಕ್ಕ, ಚೀಟಿ ತೋರ್ಸು" ಅಂದೆ. ಅವಳು ಅದನ್ನು ಮಡಚಿ ಕನ್ನಡಕದ ಡಬ್ಬಿಗೆ ಹಾಕಿ, "ತೀರ್ಪು ಆಯ್ತು, ಆಟ ನಡೀಲಿ" ಅಂದಳು. "ನೀನು ಸುಳ್ಳು ಹೇಳ್ತಿದೀಯ ಕಣಕ್ಕ" ಅಂದೆ ನೀನು, ಬೈಯುವ ದನಿಯಲ್ಲಲ್ಲ, ಮಗು ಬಿದ್ದಾಗ ಅನ್ನುತ್ತದಲ್ಲ ಆ ದನಿಯಲ್ಲಿ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಟ್ಟೆ, ಬಿಡದೆ ಇರಲಿಲ್ಲ. "ನನ್ನ ಹೆಂಡ್ತೀನ ನಲವತ್ತು ಜನರ ಎದುರು ಸುಳ್ಳುಗಾರ್ತಿ ಅಂತೀಯೇನೋ? ಕ್ಷಮೆ ಕೇಳು, ಇಲ್ಲ ಹೊರಗೆ ನಡಿ" ಎಂದು ಕೂಗಿದೆ. ನನ್ನ ಕಳ್ಳತನಕ್ಕೆ ಅವಳ ಮಾನವನ್ನೇ ಗುರಾಣಿಯಾಗಿ ಹಿಡಿದೆ.

ನೀನು ಹೊರಗೆ ನಡೆದೆ. ಸಾವಿರದ ನೂರ ನಲವತ್ತು ಜನರನ್ನು ಮೇಜಿನ ಮೇಲೆಯೇ ಬಿಟ್ಟು ಹೋದೆ. ಅವರನ್ನು ನಾನು ಮತ್ತು ಔಷಧಿ ಅಂಗಡಿಯವರು ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ತುಂಬಿದೆವು. ನಿನ್ನ ಸೈನಿಕರಲ್ಲಿ ಅಚ್ಚಿನ ಗೆರೆ ಉಳಿದವನು ಒಬ್ಬನೂ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರಿಗೂ ಕಾಣದವನ ಕಂಕುಳನ್ನೂ ನೀನು ಅರ ಹಾಕಿ ನಯ ಮಾಡಿದ್ದೆ. ಆಮೇಲೆ ನಾನು ಗೆದ್ದೆ ಎಂದು ಘೋಷಿಸಿ ಫೋಟೋ ತೆಗೆದರು. ಅದು ಗ್ರಂಥಾಲಯದ ಮೆಟ್ಟಿಲಿನ ಬಳಿ ಈಗಲೂ ಇದೆ. ನಾನು ಆನೆ ಹಿಡಿದು ನಗುತ್ತಿದ್ದೇನೆ, ಅವಳು ಬಾಗಿಲು ನೋಡುತ್ತಿದ್ದಾಳೆ. ಬಸ್ಸಿನಲ್ಲಿ ಮನೆಗೆ ಬರುವಾಗ ಅವಳು ಮಾತಾಡಲಿಲ್ಲ.

ಅಲ್ಲಿಂದ ನಾಲ್ಕು ವರ್ಷ ನೀನು ನಮ್ಮ ಹೊಸಿಲು ತುಳಿಯಲಿಲ್ಲ. ಅವಳು ಒಂದೇ ಒಂದು ಸಲ ಕೇಳಿದಳು, ಒಗೆದ ಬಟ್ಟೆ ಮಡಚುತ್ತಾ. "ಅವನಿಗೆ ನೀವೇ ಒಂದ್ಸಲ ಹೇಳ್ಬಿಡಿ. ನಾನು ಹೇಳಿದ್ರೆ ಗಂಡನ ಮೇಲೆ ಚಾಡಿ ಆಗುತ್ತೆ" ಅಂದಳು. ಆಗಲಿ, ಬರುವ ತಿಂಗಳು ಹೇಳೋಣ ಎಂದೆ. ಅವಳು ದಿಂಬಿನ ಕವರಿನ ಮೂಲೆಗೆ ಮೂಲೆ ಸೇರಿಸಿ ಮಡಚಿದಳು. ಮತ್ತೆ ಕೇಳಲಿಲ್ಲ. ಕೂಟಕ್ಕೂ ಬರಲಿಲ್ಲ, ಕಣ್ಣು ಮಂಜಾಗಿದೆ ಎಂದಳು. ಆ ಕಣ್ಣಲ್ಲೇ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಆಸ್ಪತ್ರೆಯ ವಿಷಯಕ್ಕೆ ಬರಲೇಬೇಕು. ಅದನ್ನು ದಾಟಿಕೊಂಡು ಹೋಗುವ ದಾರಿ ಹುಡುಕಿ ಆನೆ, ಹಲ್ಲು, ಚಹಾ ಎಂದು ಇಷ್ಟು ಪುಟ ಸುತ್ತಿದೆ.

ಅವಳನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ತಿಳಿದು ನೀನು ಬಂದೆ. ವಾರ್ಡಿನ ಹೊರಗಿನ ನಲ್ಲಿಯಲ್ಲಿ ನಾನು ಅವಳ ಊಟದ ಡಬ್ಬಿ ತೊಳೆಯುತ್ತಿದ್ದೆ. ನೀನು ಪಕ್ಕದಲ್ಲಿ ಬಂದು ನಿಂತೆ. ಹೇಗಿದ್ದಾಳೆ ಎಂದು ಕೇಳುವ ಧೈರ್ಯ ನಿನಗಿರಲಿಲ್ಲ, ಅದಕ್ಕೆ ಇನ್ನೊಂದನ್ನು ಕೇಳಿದೆ. "ಭಾವ, ಒಂದೇ ಮಾತು. ದೇವರಾಣೆ ಬೇಡ, ಏನೂ ಬೇಡ, ನಿಮ್ಮ ಮಾತೇ ಸಾಕು. ಆ ಚೀಟೀಲಿ ಏನಿತ್ತು?"

"ಹಳ್ಳ ಕಣೋ" ಅಂದೆ. ಡಬ್ಬಿ ತಿಕ್ಕುವ ಕೈಯನ್ನು ನಿಲ್ಲಿಸಲೂ ಇಲ್ಲ.

ನೀನು ಒಳಗೆ ಹೋಗಿ ಅವಳ ಹಾಸಿಗೆಯ ಅಂಚಿಗೆ ತಲೆಯಿಟ್ಟು ಅತ್ತೆ. "ನಾನು ನಿನ್ನ ಸುಳ್ಳಿ ಅಂದೆ ಅಕ್ಕ, ನನ್ನ ಬಾಯಿ ಸುಡ್ಲಿ, ಕ್ಷಮಿಸ್ಬಿಡು" ಅಂದೆ. ನಾನು ಬಾಗಿಲಲ್ಲಿ ಒದ್ದೆ ಡಬ್ಬಿ ಹಿಡಿದು ನಿಂತಿದ್ದೆ. ಅವಳು ನನ್ನ ಕಡೆ ನೋಡಿದಳು. ಇಡೀ ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಏನನ್ನಾದರೂ ಬೇಡಿದ್ದರೆ ಅದು ಆ ನೋಟದಲ್ಲಿ. ನಾನು ಡಬ್ಬಿಯ ಮುಚ್ಚಳ ಹಾಕಿದೆ. ಅವಳು ನಿನ್ನ ತಲೆ ಸವರಿ, "ಹೋಗ್ಲಿ ಬಿಡೋ ದಳವಾಯಿ, ಆಟ ತಾನೆ" ಅಂದಳು. ನಿನ್ನ ಮುಖ ಹೊದಿಕೆಯಲ್ಲಿತ್ತು, ಅವಳ ಎಡಗೈ ಹೆಬ್ಬೆರಳು ಎಲ್ಲಿತ್ತೆಂದು ನೀನು ನೋಡಲಿಲ್ಲ. ನಾನು ನೋಡಿದೆ.

ನೀನು ಹೋದ ಮೇಲೆ ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ಸಂಜೆ ನರ್ಸು ಬಂದು ಹೋದ ನಂತರ ಹೇಳಿದಳು: "ಅವನು ಕೇಳಿದ ಕ್ಷಮೆ ನನ್ನದಲ್ಲ ಕಣ್ರೀ. ಅದನ್ನ ನನ್ನ ಕೈಯಲ್ಲಿ ಇಸ್ಕೊಳ್ಳೋ ಹಾಗೆ ಮಾಡಿದ್ರಲ್ಲ." ಒಂಬತ್ತನೇ ದಿನ ಅವಳು ಹೋದಳು. ಆ ಒಂಬತ್ತು ದಿನ ಮಾತಾಡಿದಳು, ನೀರು ಕೊಡಿ, ಕಿಟಕಿ ತೆರೀರಿ, ಗ್ಯಾಸ್ ಆರ್ಸಿದ್ರಾ ಎಂದು. ಅದರ ಬಗ್ಗೆ ಮಾತ್ರ ಅಲ್ಲ.

ಈ ಎರಡು ವರ್ಷದಲ್ಲಿ ಪ್ರತಿ ಬುಧವಾರ ನೀನು ಫೋನು ಮಾಡುತ್ತೀ. ಊಟ ಆಯಿತಾ, ಮಂಡಿ ನೋವು ಹೇಗಿದೆ, ಕೆಳದವಡೆಯ ಹಲ್ಲು ಸಡಿಲವಾದರೆ ಬನ್ನಿ ಎನ್ನುತ್ತೀ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಪ್ರತಿ ಬುಧವಾರ ಮುಟ್ಟಿ ನೋಡಿಕೊಳ್ಳುತ್ತೇನೆ.

ಹೇಳದೆ ಇದ್ದುದಕ್ಕೆ ನನ್ನ ಬಳಿ ಒಂದು ಸಮಜಾಯಿಷಿ ಇತ್ತು, ನೋಡಲು ಚೆನ್ನಾಗಿಯೇ ಇತ್ತು. ನಾನು ನಿಜ ಹೇಳಿದರೆ ಅವಳು ಸುಳ್ಳು ಹೇಳಿದ್ದು ಬಯಲಾಗುತ್ತದೆ, ಹೋದವಳ ಹೆಸರಿಗೆ ಮಸಿ ಬಳಿಯುವುದೇಕೆ ಎಂದು. ಎರಡು ವರ್ಷ ಅದನ್ನೇ ಹೊದ್ದು ಮಲಗಿದೆ. ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರು ಪ್ಯಾಸಿವ್ ವಾಯ್ಸ್ ಕಲಿಸುವಾಗ, 'ದಿ ಗ್ಲಾಸ್ ವಾಸ್ ಬ್ರೋಕನ್ ಬೈ ಮಿ' ಎಂದು ಬೋರ್ಡಿನಲ್ಲಿ ಬರೆದು, ಬೈ ಮಿ ಎಂಬುದನ್ನು ಡಸ್ಟರಿನಿಂದ ಒರೆಸಿ, ನೋಡಿ, ಒರೆಸಿದರೂ ಸೆಂಟೆನ್ಸು ಕರೆಕ್ಟಾಗೇ ಇದೆ ಎಂದಿದ್ದರು. ಇಂಗ್ಲಿಷಿನಲ್ಲಿ ನನಗೆ ನೆನಪುಳಿದ ಪಾಠ ಅದೊಂದೇ. ಆಲ್ ಈಸ್ ಫೇರ್ ಇನ್ ವಾರ್ ಅಂಡ್ ಎಂದೂ ಏನೋ ಇತ್ತು, ಅದರ ಇನ್ನರ್ಧ ಮರೆತಿದೆ.

ಈಗ ನೀನು ಕಪ್ ಮಾಡಿದ್ದೀ. ಭಾನುವಾರ ಆ ಹಾಲಿನಲ್ಲಿ ನಿಂತು, ನನ್ನ ಹೆಂಡತಿ ಎಂದೂ ಅರ್ಧ ಬೆರಳು ಸುಳ್ಳು ಅಳೆದವಳಲ್ಲ ಎಂದು ನಾನು ಹೇಳಬೇಕು, ನೀನು ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಳ್ಳಬೇಕು. ಆಗದು ಮಾರಾಯ. ನನ್ನಂಥವನಿಗೂ ಆಗದು.

ಅದಕ್ಕೇ ಈ ಕಾಗದ. ನಿನ್ನ ಕಣ್ಣು ತಪ್ಪು ನೋಡಿರಲಿಲ್ಲ. ನೀನು ಯಾರಲ್ಲೂ ಕ್ಷಮೆ ಕೇಳಬೇಕಾದ್ದಿರಲಿಲ್ಲ. ಆ ನಾಲ್ಕು ವರ್ಷವನ್ನು ನಿನ್ನಿಂದ ಕಿತ್ತುಕೊಂಡವನು ನಾನು, ಅವಳಲ್ಲ. ಕಪ್ಪಿನ ಹೆಸರು ಬದಲಿಸಬೇಕೆನಿಸಿದರೆ ಒಂದು ಕ್ಷಣ ನಿಲ್ಲು. ಅವಳು ಸಾವಿರಾರು ತಕ್ಕಡಿ ನೋಡಿದಳು, ಸಾವಿರಾರು ದಾಳಿ ಅಳೆದಳು, ತಪ್ಪಿದ್ದು ಒಂದು ಸಲ, ಅದೂ ತನಗಾಗಿ ಅಲ್ಲ. ಉಳಿದದ್ದು ನಿನ್ನ ತೀರ್ಮಾನ. ಈ ಕಾಗದವನ್ನು ಕೂಟದಲ್ಲಿ ಓದಿ ಹೇಳಿದರೂ ಸರಿ, ಔಷಧಿ ಅಂಗಡಿಯವರಿಗೆ ಕೊಟ್ಟು ಮೆಟ್ಟಿಲಿನ ಆ ಫೋಟೋ ಪಕ್ಕ ಅಂಟಿಸಿದರೂ ಸರಿ. ಭಾನುವಾರ ನಾನು ಬರುವುದು ಬೇಡವೆಂದರೆ ಬರುವುದಿಲ್ಲ. ಬಾ ಎಂದರೆ ಬಂದು ಮೇಜಿನ ಎದುರು ನಿಲ್ಲುತ್ತೇನೆ, ಭಾಷಣಕ್ಕಲ್ಲ.

ಈ ಕಾಗದದ ಜೊತೆ ಕಾರ್ತೇಜಿನ ಇಡೀ ಪಡೆಯ ಡಬ್ಬಿಗಳನ್ನೂ ಕಳಿಸುತ್ತಿದ್ದೇನೆ. ತಪ್ಪು ತಿಳಿಯಬೇಡ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನ ಬಳಿ ಇರುವುದು ಹದಿನಾಲ್ಕು, ಅದರಲ್ಲೂ ಮೂರಕ್ಕೆ ದಂತವಿಲ್ಲ, ಇವುಗಳಿಂದ ಏನನ್ನೂ ಕೊಳ್ಳುವ ಆಸೆ ನನಗಿಲ್ಲ. ಯುದ್ಧ ಹೂಡಲು ಎರಡು ಪಡೆ ಬೇಕು, ನಿನಗೆ ನೇರವಾದ ಎದುರಾಳಿ ಯಾರಾದರೂ ಸಿಕ್ಕಾರು, ಅದಕ್ಕೆ. ವಾರೆಗಣ್ಣಿನ ಬಿಲ್ಲುಗಾರನನ್ನು ಹಿಂದಿನ ಸಾಲಿಗೆ ಹಾಕಿದ್ದೇನೆ. ಹಳ್ಳದಿಂದ ಹೊರಟ ಕುದುರೆಗಳು ಮೂರನೇ ಡಬ್ಬಿಯಲ್ಲಿವೆ, ಇಪ್ಪತ್ತನಾಲ್ಕು. ಸವಾರರ ಈಟಿಗೆ ಗುಂಡುಸೂಜಿಯ ತಲೆ ಚಪ್ಪಟೆ ಬಡಿದು ಹಾಕಿದ್ದೆ, ತೆಗೆಯುವಾಗ ಕೈಗೆ ಚುಚ್ಚೀತು, ನೋಡಿಕೋ. ಅವುಗಳ ಜೀನಿಗೆ ನೀಲಿ ಬಣ್ಣ ಆರಿಸಿಕೊಟ್ಟವಳು...

ಬೆಳಕು ಹೋಗುತ್ತಿದೆ. ಎದುರು ಮನೆಯ ಗೋಡೆಯ ಮೇಲಿದ್ದ ಬಿಸಿಲು ಯಾವಾಗ ಇಳಿಯಿತೋ ಗೊತ್ತಾಗಲಿಲ್ಲ, ನೀಲಿಯೂ ಕಪ್ಪೂ ಒಂದೇ ಆಗಿ ಕಾಣುತ್ತಿದೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಅಪರಿಚಿತರಿಗೆ ಬರೆದರೆ ಫೇತ್‌ಫುಲಿ, ಪರಿಚಿತರಿಗಾದರೆ ಸಿನ್ಸಿಯರ್ಲಿ ಎಂದು ಕಲಿಸಿದ್ದರು. ಎರಡೂ ಹಾಕಲು ಕೈ ಬರುತ್ತಿಲ್ಲ.

ನಿನ್ನ
ಭಾವ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿ ಮುಚ್ಚಿದ್ದೆ, ಮತ್ತೆ ಹರಿದು ತೆಗೆದೆ. ಮರೆತದ್ದೂ ಅಲ್ಲ. ದೀಪ ಹಾಕಿಕೊಂಡು ಬರೆಯುತ್ತಿದ್ದೇನೆ. ಚೀಟಿಯಲ್ಲಿ ಗುಡ್ಡ ಎಂದಿತ್ತು, ಬಾಯಿ ಜಾರಿತು ಎಂದು ಮೇಲೆ ಬರೆದೆನಲ್ಲ, ಹಾಗಲ್ಲ. ಚೀಟಿಯಲ್ಲಿ ಏನೂ ಇರಲಿಲ್ಲ. ಹಿಂದಿನ ದಿನವೇ, ಇದೇ ಮೇಜಿನಲ್ಲಿ, ಖಾಲಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಲಕೋಟೆಗೆ ಹಾಕಿದ್ದೆ. ನಿನ್ನ ಸಾಲು ಯಾವ ಕಡೆ ತಿರುಗುತ್ತದೋ ನೋಡಿ ಅದರ ಎದುರಿನ ಜಾಗ ಹೇಳಿದರಾಯಿತು, ಓದುವವಳು ನಮ್ಮವಳೇ ತಾನೆ ಎಂದು. ಅವಳಿಗೆ ಮುಂಚೆ ಹೇಳಿರಲಿಲ್ಲ, ಹೇಳಿದ್ದರೆ ಒಪ್ಪುತ್ತಿರಲಿಲ್ಲ. ಅವಳು ಅಷ್ಟು ಹೊತ್ತು ನೋಡಿದ್ದು ಆ ಖಾಲಿಯನ್ನು. ಬಸ್ಸಿನಲ್ಲಿ ಮಾತಾಡಲಿಲ್ಲ ಎಂದೂ ಬರೆದೆ. ನಮ್ಮ ಸ್ಟಾಪು ಬಂದು ನಾನು ಎದ್ದು ನಿಂತಾಗ, ಕೂತಲ್ಲಿಂದಲೇ ಒಂದು ಮಾತು ಕೇಳಿದಳು.

"ಪೆನ್ ಇರ್ಲಿಲ್ವೇನ್ರೀ?"